ಮೊಮ್ಮಗಳ ಚೀಲದ ಮದ್ದು

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಲಾಸ್ ಏಂಜಲೀಸ್ ನಗರದ ಮಗಳ ಮನೆಯಲ್ಲಿ ನಾವು ಕೆಲವು ತಿಂಗಳು ತಂಗಿದ್ದೆವು. ಒಂದು ಸಂಜೆ 13 ವರ್ಷದ ಮೊಮ್ಮಗಳು ಶಾಲೆಯ ಚೀಲದಿಂದ ಬಿಳಿಯ ಚಿಕ್ಕ ಸಾಧನವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಏನೆಂದು ಕೇಳಲು, “ನಲೊಕ್ಸೋನ್, ತಾತಾ. ಅಫೀಮಿನ ಜಾತಿಯ ಮದ್ದು ಹೆಚ್ಚಾಗಿ ಯಾರಾದರೂ ಉಸಿರುಗಟ್ಟಿ ಬಿದ್ದರೆ ಮೂಗಿಗೆ ಹಾಕುವುದು” ಎಂದಳು. ನಮ್ಮ ಎದೆ ಧಸಕ್ಕೆಂದಿತು. ವಿದ್ಯೆ ಕಲಿಯಹೋದ ಮಗುವಿಗೆ ಇದೇಕೆಂದು ಗದರಿಸಿದೆವು. “ಇದು ನನಗಲ್ಲ ತಾತಾ, ಬೇರೆಯವರಿಗೆ” ಎಂದು ಹೇಳಿ ಅವಳು ಸುಮ್ಮನಾದಳು.

ರಾತ್ರಿ ಊಟವಾದ ಮೇಲೆ ಮಗಳು ವಿಷಯವನ್ನು ವಿವರಿಸಿದಳು. 2022ರ ಸೆಪ್ಟೆಂಬರಿನಲ್ಲಿ ಅದೇ ನಗರದ ಪ್ರೌಢಶಾಲೆಯೊಂದರ ಶೌಚಗೃಹದಲ್ಲಿ ವಿದ್ಯಾರ್ಥಿನಿಯೊಬ್ಬಳು ಮೃತಳಾದಳು. ನೋವಿನ ಗುಳಿಗೆಯೆಂದು ನಂಬಿ ನುಂಗಿದುದರಲ್ಲಿ ಫೆಂಟನಿಲ್ ಬೆರೆತಿತ್ತು. 2 ಮಿಲಿಗ್ರಾಂ, ಎಂದರೆ ಉಪ್ಪಿನ ಕೆಲವು ಹರಳುಗಳಷ್ಟು ಮಾತ್ರವೇ ಪ್ರಾಣ ತೆಗೆಯಬಲ್ಲ ವಸ್ತುವದು. ಆ ತಿಂಗಳಲ್ಲಿಯೇ ನಗರದ ಶಾಲಾ ಆಡಳಿತವು ತನ್ನ ಶಾಲೆಗಳಲ್ಲೆಲ್ಲ ನಲೊಕ್ಸೋನ್ ಇಡಿಸುವುದಾಗಿ ಸಾರಿತು. 2023ರಲ್ಲಿ ಆ ದೇಶದ ಸರಕಾರವು ಮೂಗಿಗೆ ಹಾಕುವ ಈ ಮದ್ದನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಒಪ್ಪಿತು. 12 ವರ್ಷ ತುಂಬಿದ ಮಕ್ಕಳು ಅದನ್ನು ಶಾಲೆಗೆ ಒಯ್ಯಬಹುದೆಂಬ ಸಂಸ್ಥಾನದ ಕಾನೂನು 2025ರ ಜನವರಿಯಲ್ಲಿ ಜಾರಿಗೆ ಬಂದಿತು.

ಮದ್ದಿನ ಕ್ರಮ ಸರಳವಾದುದು. ಅಫೀಮಿನ ಜಾತಿಯ ವಸ್ತುವು ಮಿದುಳಿನಲ್ಲಿ ನೆಲೆಗೊಂಡು ಉಸಿರಾಟವನ್ನು ಅಡಗಿಸುತ್ತದೆ. ನಲೊಕ್ಸೋನ್ ಅದನ್ನು ಎಬ್ಬಿಸಿ ಆ ಸ್ಥಳದಲ್ಲಿ ತಾನು ಕೂರುತ್ತದೆ. 2-3 ನಿಮಿಷಗಳಲ್ಲಿ ಉಸಿರು ಮರಳಬಹುದು. ಅಂಥ ವಸ್ತು ಸೇರದ ದೇಹಕ್ಕೆ ಇದರಿಂದ ಕೇಡಿಲ್ಲ. ಆದರೆ ಇದರ ಗುಣವು 30ರಿಂದ 90 ನಿಮಿಷ ಮಾತ್ರ. ವಿಷವು ಅದಕ್ಕೂ ಹೆಚ್ಚು ಕಾಲ ನಿಂತೀತು. ಆದಕಾರಣ ಒಡನೆಯೇ 911ಕ್ಕೆ ಕರೆಮಾಡಿ, ನೆರವು ಬರುವವರೆಗೆ ಬಿದ್ದವರ ಬಳಿಯಲ್ಲಿಯೇ ಇರತಕ್ಕದ್ದು.

ಮದ್ದು ಕೈಗೆಟುಕಿದರೆ ಮಕ್ಕಳಿಗೆ ದುಶ್ಚಟಕ್ಕೆ ಧೈರ್ಯ ಬಾರದೆ ಎಂದು ನಾವು ವಾದಿಸಿದೆವು. “ಬಾವಿಯಿದ್ದರೆ ಮನೆಗೆ ಬೆಂಕಿ ಬೀಳುತ್ತದೆಯೇ, ಅಪ್ಪಾ?” ಎಂದಳು ಮಗಳು. ನಿಜವೇ ಸರಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ನಾವೇ ಎಷ್ಟೋ ಬಾರಿ ಹಾಸ್ಯಮಾಡಿದ್ದೇವೆ. ಬೀಗದ ಬೀರುವಿನಲ್ಲಿ ಮದ್ದಿರಿಸಿ, ಕೀಲಿಕೈಗಾಗಿ ಹುಡುಕುತ್ತಿದ್ದರೆ ಆ 2-3 ನಿಮಿಷಗಳು ಯಾರಿಗಾಗಿ ಕಾದಾವು? ಅದಕ್ಕಿಂತಲೂ ಮುಖ್ಯವಾದ ಮಾತೊಂದುಂಟು: ಗೆಳತಿ ಬಿದ್ದುದನ್ನು ಕಂಡ ಮಗುವು ಹಿರಿಯರ ಕೋಪಕ್ಕೆ ಅಂಜಿ ಬಾಯಿ ಮುಚ್ಚಿದರೆ ಯಾವ ಮದ್ದೂ ನಿಷ್ಫಲ. ಆ ಸಂಜೆ ನಮ್ಮ ಗದರಿಕೆಯು ಕಲಿಸಿದ್ದು ಆ ಅಂಜಿಕೆಯನ್ನೇ ಅಲ್ಲವೆ?

ಮರುದಿನ ಬೆಳಿಗ್ಗೆ ಆ ಸಾಧನವನ್ನು ನಾವೇ ಮೊಮ್ಮಗಳ ಚೀಲದಲ್ಲಿಟ್ಟೆವು. ಉಪಯೋಗಿಸುವ ಕ್ರಮವನ್ನು ಅವಳಿಂದಲೇ ಕಲಿತೆವು.