ಮನ್ಮಾಡಿನಲ್ಲಿ ಇಳಿದ ಹುಡುಗರು

ನಮ್ಮ ಮುತ್ಯಾ ಕಲಬುರಗಿ ಕಡೆಯವರು. ಅವರಪ್ಪ ನಿಜಾಮರ ರೈಲ್ವೆಯಲ್ಲಿ ನೌಕರಿಗಿದ್ದರಿಂದ ಕಾಲೇಜು ಓದಿದ್ದು ಔರಂಗಾಬಾದಿನಲ್ಲಿ, ಇವತ್ತಿನ ಛತ್ರಪತಿ ಸಂಭಾಜಿನಗರದಲ್ಲಿ. ಚಳಿಗಾಲದ ರಾತ್ರಿ ಅಗ್ಗಿಷ್ಟಿಕೆ ಸುತ್ತ ಮೊಮ್ಮಕ್ಕಳೆಲ್ಲ ಕೂತರೆ ಅವರು ತೆಗೆಯುತ್ತಿದ್ದ ಮಾತು ಒಂದೇ: 1938ರ ಮುಷ್ಕರ, ಆಮೇಲೆ ಮನ್ಮಾಡು.

ಆ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ನಿಜಾಮರ ಸರ್ಕಾರ ನಿಷೇಧಿಸಿತ್ತು. ಅಕ್ಟೋಬರ್ 24ರಿಂದ ಸತ್ಯಾಗ್ರಹ ಶುರುವಾಯಿತು. ಕೇಳಿದ್ದು ಜವಾಬ್ದಾರಿ ಸರ್ಕಾರ. ದೊರೆ ಇರಲಿ, ಮಂತ್ರಿಗಳು ಮಾತ್ರ ಜನರಿಗೆ ಉತ್ತರ ಕೊಡಲಿ ಎಂಬಷ್ಟೇ. ಅಷ್ಟನ್ನು ನಾಲ್ಕು ಜನರೆದುರು ಹೇಳುವುದಕ್ಕೂ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಅಡ್ಡ ಇತ್ತು. ಮೊದಲೇ ಪರವಾನಗಿ ಪಡೆಯದೆ ಸಭೆ ಸೇರುವಂತಿರಲಿಲ್ಲ. ಹಾಗಾಗಿ ನಿಜಾಮ ಪ್ರಜೆಗಳ ರಾಜಕೀಯ ಪರಿಷತ್ತುಗಳು ನಡೆದದ್ದೆಲ್ಲ ಗಡಿಯಾಚೆ: 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬಯಿ, 1928ರಲ್ಲಿ ಪುಣೆ, 1931ರಲ್ಲಿ ಅಕೋಲಾ. ತಮ್ಮ ದೊರೆಯ ಬಗ್ಗೆ ಮಾತಾಡಲು ಜನ ಬೇರೆಯವರ ಅಂಗಳ ಕೇಳಬೇಕಾಯಿತು. ಆ ಅಂಗಳ ಸಿಕ್ಕಿತು. ನಮ್ಮ ಇತಿಹಾಸದ ಪುಸ್ತಕಗಳು ಇದಕ್ಕೆ ಒಂದು ಸಾಲನ್ನಾದರೂ ಕೊಡಬೇಕಿತ್ತು ಎಂದು ನನಗನಿಸುತ್ತದೆ.

ಚಳವಳಿಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಸಿಂದಗಿಯಲ್ಲಿ ಹುಟ್ಟಿ ಮರಾಠವಾಡದಲ್ಲಿ ಮೇಷ್ಟ್ರಾಗಿದ್ದವರು. ಅವರ ಹೆಸರು ಬಂದಾಗ ಮುತ್ಯಾ ಗೋಡೆ ಬಿಟ್ಟು ನೆಟ್ಟಗೆ ಕೂರುತ್ತಿದ್ದರು.

ನವೆಂಬರಿನಲ್ಲಿ ಔರಂಗಾಬಾದಿನ ಹಾಸ್ಟೆಲಿನ ಹುಡುಗರು ಪ್ರಾರ್ಥನೆಗೆ ವಂದೇ ಮಾತರಂ ಹಾಡಿದರು. ಅಧಿಕಾರಿಗಳು ಹಾಡಕೂಡದು ಎಂದರು. ಹುಡುಗರು ಬಿಡದೆ ಮುಷ್ಕರ ಹೂಡಿದರು. ಅದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಹಬ್ಬಿತು. ಕಾಲೇಜಿನಿಂದ ಹೆಸರು ಹೊಡೆಸಿಕೊಂಡವರಲ್ಲಿ ಮುತ್ಯಾನೂ ಒಬ್ಬರು. ನಾಗಪುರಕ್ಕೆ ಹೋದರೆ ಓದಿಗೆ ದಾರಿಯಾದೀತು ಎಂಬ ಸುದ್ದಿ ಹಿಡಿದು ಗೆಳೆಯರ ಜತೆ ರೈಲು ಹತ್ತಿದರು.

ಆಗ ಆ ದಾರಿ ಮೀಟರ್ ಗೇಜು. ದೌಲತಾಬಾದ್, ಲಾಸೂರ್, ರೋಟೆಗಾಂವ್ ದಾಟಿದರೆ ನಿಜಾಮರ ಸೀಮೆ ಮುಗಿಯಿತು. ನಗರಸೂಲ್ ಬಂತೆಂದರೆ ನಾಸಿಕ ಜಿಲ್ಲೆ. ಬ್ರಿಟಿಷರ ಕೈಕೆಳಗೇ ಇದ್ದರೂ ಮುಂಬಯಿ ಪ್ರಾಂತದಲ್ಲಿ ಆಗ ಬಿ.ಜಿ. ಖೇರರ ಚುನಾಯಿತ ಮಂತ್ರಿಮಂಡಲವಿತ್ತು. ಅಂಕಾಯಿ-ಟಂಕಾಯಿ ಬೆಟ್ಟದ ಕೋಟೆ ಕಂಡಾಗ ಒಬ್ಬ ಗೆಳೆಯ ಡಬ್ಬಿಯಲ್ಲೇ ಗಂಟಲೆತ್ತಿ ಹಾಡಿದನಂತೆ. ಯಾರೂ ತಡೆಯಲಿಲ್ಲ.

ನಾಗಪುರದ ಗಾಡಿ ಹಿಡಿಯಲು ಮನ್ಮಾಡಿನಲ್ಲಿ ಇಳಿದರೆ ಹೊಟ್ಟೆ ಹಸಿದಿದೆ, ಜೇಬಿನಲ್ಲಿರುವುದು ಹಾಲಿ ಸಿಕ್ಕಾ. ನಿಜಾಮರ ಆ ರೂಪಾಯಿಗೆ ಬ್ರಿಟಿಷ್ ಕಲ್ದಾರ್‌ಗಿಂತ ಬೆಲೆ ಕಡಿಮೆ. ಚಹಾದವ ನಾಣ್ಯ ತಿರುವಿ ನೋಡಿ, ಎಲ್ಲಿಯವರೆಂದು ಕೇಳಿ, ಔರಂಗಾಬಾದಿನ ಕಾಲೇಜಿನ ಹುಡುಗರು ಎಂದು ತಿಳಿದದ್ದೇ ದುಡ್ಡು ವಾಪಸು ಕೈಗಿಟ್ಟ. ಪಕ್ಕದಲ್ಲಿದ್ದ ರೈಲ್ವೆ ಗುಮಾಸ್ತರೊಬ್ಬರು ಎಲ್ಲರನ್ನೂ ಮನೆಗೆ ಕರೆದೊಯ್ದರು. ಅವರ ಮನೆಯಾಕೆ ಅಷ್ಟು ಹೊತ್ತಿನಲ್ಲಿ ಮತ್ತೆ ಒಲೆ ಹೊತ್ತಿಸಿ ಸಜ್ಜೆ ಭಾಕ್ರಿ ಬಡಿದರು. ಜತೆಗೆ ಪಿಠಲ, ಹಸಿಮೆಣಸಿನಕಾಯಿ ಠೇಚಾ.

"ನಿಮ್ಮ ದೊರಿ, ನಿಮ್ಮ ಜಗಳಾ, ನಮಗ್ಯಾಕ ಅನಲಿಲ್ಲವ್ವಾ ಆ ತಾಯಿ," ಎನ್ನುತ್ತಿದ್ದರು ಮುತ್ಯಾ. "ನಾ ಸಾಕು ಅಂದ್ರೂ ಇನ್ನೊಂದು ಭಾಕ್ರಿ ಹಾಕಿದಳು. ಹೊಚ್ಚಿಕೊಳ್ಳಾಕ ತನ್ನ ಮಕ್ಕಳ ಕೌದಿ ಕೊಟ್ಟಳು." ಇಲ್ಲಿಗೆ ಬಂದಾಗ ಅವರ ದನಿ ಒಡೆಯುತ್ತಿತ್ತು. ಜೈಲು, ಲಾಠಿ ಹೇಳುವಾಗ ಒಡೆಯದ ದನಿ ಅದು.

ಹೊರಬಿದ್ದ ವಿದ್ಯಾರ್ಥಿಗಳನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಕೂಡ ಇದೇ ಚಳವಳಿಗಾಗಿ ಹೈದರಾಬಾದ್ ರಾಜ್ಯ ಬಿಟ್ಟು ನಾಗಪುರಕ್ಕೆ ಹೋದವರು.

1947-48ರಲ್ಲಿ ನಿಜಾಮರ ಪರದ ರಜಾಕಾರರ ಪಡೆಯ ಹಾವಳಿ ಏರಿದಾಗ ಗಡಿಯ ಊರುಗಳು ಮತ್ತೆ ಆಸರೆಯಾದವು. ಆ ಕಡೆ ಮನ್ಮಾಡು, ಸೋಲಾಪುರ, ಬಾರ್ಶಿ. ನಮ್ಮ ಕಡೆ ಮುಂಡರಗಿ, ಗಜೇಂದ್ರಗಡ. ಹೈದರಾಬಾದ್ ಭಾರತಕ್ಕೆ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಖಾನರ ಹೆಸರು ಹೇಳದೆ ಮುತ್ಯಾ ಕಥೆ ಮುಗಿಸುತ್ತಿರಲಿಲ್ಲ. ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆಯಿಂದ ಸಿಕ್ಕ ಬಿಡುಗಡೆಯ ಬೆನ್ನಿಗೇ ಬಡ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಅವರು ಮುಚ್ಚಿಡಲಿಲ್ಲ. ಅದನ್ನು ನಾನೂ ಮುಚ್ಚಿಡಲಾರೆ.

ಈ ಕಥೆ ಈಗ ನೆನಪಾಗುವುದು ಎಸ್ವಾತಿನಿಯ ಸುದ್ದಿ ಓದುವಾಗ. 2018ರವರೆಗೆ ಸ್ವಾಜಿಲ್ಯಾಂಡ್ ಎನಿಸಿಕೊಂಡಿದ್ದ ಆಫ್ರಿಕಾದ ಪುಟ್ಟ ರಾಜ್ಯ ಅದು. 1973ರ ಏಪ್ರಿಲ್ 12ರಂದು ದೊರೆ ಎರಡನೆಯ ಸೊಭೂಜಾ ಸಂವಿಧಾನವನ್ನೇ ರದ್ದು ಮಾಡಿ ಪಕ್ಷಗಳನ್ನು ನಿಷೇಧಿಸಿದರು. ಇಂದಿಗೂ ಅಲ್ಲಿ ಪಕ್ಷದ ಹೆಸರಿನಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ. 2021ರ ಜೂನಿನಲ್ಲಿ ಬೀದಿಗಿಳಿದವರ ಮೇಲೆ ಗುಂಡು ಹಾರಿ ಹತ್ತಾರು ಜನ ಸತ್ತರು. 2023ರ ಜನವರಿ 21ರ ರಾತ್ರಿ, ಪ್ರಜಾಪ್ರಭುತ್ವಕ್ಕಾಗಿ ದನಿಯೆತ್ತಿದ್ದ ವಕೀಲ ತುಲಾನಿ ಮಸೇಕೋ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಲ್ಲಲಾಯಿತು. ಶೋಯೆಬುಲ್ಲಾ ಖಾನರ ಕಥೆ ಬಲ್ಲವರಿಗೆ ಇದು ಗುರುತಿಲ್ಲದ ಸುದ್ದಿಯಲ್ಲ. ಎಸ್ವಾತಿನಿಯ ಹೋರಾಟಗಾರರಿಗೂ ನೆರೆಯ ದಕ್ಷಿಣ ಆಫ್ರಿಕಾವೇ ಅಂಗಳ. ಆ ನೆರೆನಾಡಿನ ಕಾರ್ಮಿಕ ಒಕ್ಕೂಟ ಕೊಸಾಟು ಗಡಿಯಲ್ಲಿ ರಸ್ತೆ ತಡೆದು ಅವರ ಬೆನ್ನಿಗೆ ನಿಂತಿದೆ.

2018ರ ಏಪ್ರಿಲಿನಲ್ಲಿ ನಮ್ಮ ರಾಷ್ಟ್ರಪತಿ ರಾಮನಾಥ ಕೋವಿಂದರು ಎಸ್ವಾತಿನಿಗೆ ಹೋಗಿ ಬಂದರು. ಸರ್ಕಾರಗಳ ನಡುವಿನ ಸ್ನೇಹ ಹಾಗೆ ನಡೆಯುತ್ತಿರಲಿ. ಜನರ ನಡುವಿನ ಸ್ನೇಹ ನಮ್ಮ ಕೈಯಲ್ಲಿದೆ. ಪ್ರತಿ ಸೆಪ್ಟೆಂಬರ್ 17ರಂದು ಸಂಭಾಜಿನಗರದಲ್ಲೂ ಕಲಬುರಗಿಯಲ್ಲೂ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ಈ ಸಲ ನಿಮ್ಮೂರಿನ ಸಭೆಯಲ್ಲಿ ಮಾತಾಡುವ ಅವಕಾಶ ಸಿಕ್ಕರೆ ತುಲಾನಿ ಮಸೇಕೋ ಅವರ ಹೆಸರನ್ನೂ ಹೇಳಿ. ಅವರ ನಾಡಿನ ಜನ ಕೇಳುತ್ತಿರುವುದು 1938ರಲ್ಲಿ ನಮ್ಮವರು ಕೇಳಿದ್ದನ್ನೇ.