ಅಮ್ಮನ ಬೆನ್ನ ಮೇಲಿನ ಐದು ಗುರುತು

ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಮೂಡಿಗೆರೆ ಕಡೆ ಸೊಂಟ ನೋವಿಲ್ಲದ ಮನೆ ಸಿಗುವುದು ಕಷ್ಟ. ಬೆಳಗ್ಗೆಯಿಂದ ರೆಕ್ಕೆ ಬಗ್ಗಿಸಿ ಹಣ್ಣು ಕೊಯ್ಯಬೇಕು, ಸಂಜೆ ತೂಕಕ್ಕೆ ಚೀಲ ಹೊತ್ತು ತರಬೇಕು. ಹೋದ ವರ್ಷ ಅಮ್ಮನ ಬೆನ್ನು ಎಣ್ಣೆಗೂ ಬಗ್ಗಲಿಲ್ಲ, ಮಾತ್ರೆಗೂ ಬಗ್ಗಲಿಲ್ಲ. "ಹಿಜಾಮಾ ಮಾಡಿಸಿ ಅಕ್ಕಾ, ನಂಗೆ ಹಗುರ ಆಯ್ತು" ಅಂದರು ಪಕ್ಕದ ಮನೆಯ ಬ್ಯಾರಿ ಹೆಂಗಸು.

ಅದೇ ವಾರ ಹತ್ತಿರದಲ್ಲೇ ಒಂದು ಶಿಬಿರ ಇತ್ತು. ಅದರ ಕರಪತ್ರ ನೋಡಿ 'ಸಾರ್ವಜನಿಕರು ಪ್ರಯೋಜನ ಪಡೆಯಿರಿ' ಎಂದು ಪತ್ರಿಕೆಗೆ ನಾಲ್ಕು ಸಾಲು ಕಳಿಸಿದ್ದವನು ನಾನೇ. ಬೈಕಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ.

ಬೆನ್ನಿಗೆ ಐದು ಕಪ್ ಇಟ್ಟು ಪಂಪಿನಿಂದ ಗಾಳಿ ಎಳೆದರು. ಚರ್ಮ ಕಪ್ಪಿನೊಳಗೆ ಉಬ್ಬಿತು. ಕಪ್ ತೆಗೆದು, ಬ್ಲೇಡಿನಿಂದ ಸಣ್ಣಗೆ ಗೀರಿ, ಮತ್ತೆ ಇಟ್ಟರು. ಸ್ವಲ್ಪ ರಕ್ತ ಬಂತು. ಆ ರಾತ್ರಿ ಅಮ್ಮ ಚೆನ್ನಾಗಿ ನಿದ್ದೆ ಮಾಡಿದರು. "ಬೆನ್ನಿಂದ ಚೀಲ ಇಳಿಸಿದ ಹಾಗಾಯ್ತು ಮಗಾ" ಅಂದರು.

ನಾಲ್ಕು ದಿನಕ್ಕೆ ನೋವು ಮರಳಿತು. ಎರಡು ಗಾಯ ಕೀವಾದವು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಶಿಬಿರದಲ್ಲಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ವಾರ ಡ್ರೆಸ್ಸಿಂಗಿಗೆ ಅಲೆದೆವು. "ಬ್ಲೇಡ್ ಹೊಸದಾಗಿತ್ತಾ?" ಎಂದು ನರ್ಸ್ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಪ್ರಶ್ನೆ ಕೇಳುವುದೇ ನನ್ನ ಕೆಲಸ! ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿದೆವು. ಕೆಲವು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ ಎಂದರು. ಆ ಎರಡನೇ ವರದಿ ಬರುವ ತನಕ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ಏನೂ ಇರಲಿಲ್ಲ.

ಹಾಗಂತ ಈ ಪದ್ಧತಿಯನ್ನೇ ಬೈಯುವವನು ನಾನಲ್ಲ. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ರಕ್ತ ತೆಗೆಯಲು ಟೊಳ್ಳು ಕೊಂಬು, ಸೋರೆಬುರುಡೆ ಮತ್ತು ಜಿಗಣೆ (ನಮ್ಮ ತೋಟದ ಇಂಬಳದ ನೆಂಟ) ಬಳಸುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಯುನಾನಿ ವೈದ್ಯದಲ್ಲಿ ಹಿಜಾಮಾ ಇಂದಿಗೂ ಒಂದು ಚಿಕಿತ್ಸೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಮೈಮೇಲೂ ಇದೇ ದುಂಡು ಗುರುತುಗಳಿದ್ದವು. ಆ ಗುರುತು 'ಕೆಟ್ಟ ರಕ್ತ'ದ್ದಲ್ಲ. ಎಳೆತಕ್ಕೆ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಆಗುವ ಕಲೆ. ಬೆನ್ನು, ಕುತ್ತಿಗೆ ನೋವು ಕೆಲವರಿಗೆ ಕೆಲವು ದಿನ ಕಡಿಮೆ ಆಗುವುದುಂಟು. ಸಕ್ಕರೆ ಕಾಯಿಲೆ, ಬಿಪಿ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಮಾತ್ರೆ ಬಿಡಬೇಡಿ.

ಮಾಡಿಸುವುದಾದರೆ ಇಷ್ಟು ಕೇಳಿ. ಮಾಡುವವರು ಬಿಯುಎಂಎಸ್‌ನಂಥ ಪದವಿ ಓದಿ ನೋಂದಣಿ ಆದ ವೈದ್ಯರೇ? ಕ್ಲಿನಿಕ್ಕಿಗೆ ಕೆಪಿಎಂಇ ನೋಂದಣಿ ಇದೆಯೇ? ಬ್ಲೇಡನ್ನು ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ಟಿನಿಂದ ತೆಗೆದರೇ? ಕಪ್ ನಿಮಗೇ ಅಂತ ಹೊಸದೇ? ಸಕ್ಕರೆ ಕಾಯಿಲೆ, ರಕ್ತಹೀನತೆ, ಗರ್ಭ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲೇ ಹೇಳಿ.

ಇನ್ನೊಂದು ಮಾತು ನಮ್ಮ ಮಲೆನಾಡಿಗೇ ಸೇರಿದ್ದು. ಜ್ವರ, ತಲೆನೋವು, ಮೈಕೈ ನೋವು ಒಟ್ಟಿಗೆ ಬಂದರೆ ಕಪ್ ಇಡಿಸಲು ಹೋಗಬೇಡಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಕಾಣಿಸಿಕೊಂಡ ಮಂಗನ ಕಾಯಿಲೆ ಶುರುವಾಗುವುದೇ ಹೀಗೆ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಅಂಥವರ ಮೈ ಗೀರಿದರೆ ಏನಾದೀತು ಯೋಚಿಸಿ. ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಈಗ ಶಿಬಿರದ ಕರಪತ್ರ ಬಂದರೆ ಮೊದಲು ಫೋನ್ ಮಾಡಿ ಈ ಪ್ರಶ್ನೆಗಳನ್ನೇ ಕೇಳುತ್ತೇನೆ. ಉತ್ತರ ಸಿಗದಿದ್ದರೆ ಸುದ್ದಿ ಕಳಿಸುವುದಿಲ್ಲ.

ಈ ವರ್ಷದ ಕೊಯ್ಲು ಮುಗಿಯುತ್ತ ಬಂತು. "ಇನ್ನೊಂದ್ಸಲ ಹೋಗೋಣ ಮಗಾ, ಆ ಒಂದು ರಾತ್ರಿ ನಿದ್ದೆ ಬಂತಲ್ಲ" ಅನ್ನುತ್ತಿದ್ದಾರೆ ಅಮ್ಮ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. "ಮೊದಲು ಸಕ್ಕರೆ ನೋಡಿಸೋಣ. ಗೀರೋದು ಬೇಡ, ಬರೀ ಕಪ್ ಇಡಬಹುದಾ ಅಂತ ಡಾಕ್ಟರನ್ನ ಕೇಳೋಣ" ಅಂದಿದ್ದೇನೆ. ಚೀಲ ಹೊರುವ ಕೆಲಸವನ್ನು ಮಾತ್ರ ಈ ಸಲ ಅಮ್ಮನಿಂದ ಬಿಡಿಸಿದ್ದೇನೆ. ಸಂಜೆ ತೂಕದ ಹೊತ್ತಿಗೆ ನಾನೇ ಹೋಗಿ ಹೊರುತ್ತೇನೆ.