ಕೋರ್ಟು ಕಡತದಲ್ಲಿ ಸಿಕ್ಕಿದ ಅಜ್ಜನ ಅಕ್ಕ

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮದುವೆಗೆ, ಆಸ್ಪತ್ರೆಗೆ, ಬಟ್ಟೆಬರೆಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಆ ದಿನ ಮಾತ್ರ ಹೋದದ್ದು ನಮ್ಮ ಹಿರಿಯರನ್ನು ಹುಡುಕಿಕೊಂಡು.

ವಂಶವೃಕ್ಷ ಬರೆಯಲು ಹೊರಟು ಮೊದಲು ಚರ್ಚಿನ ಜ್ಞಾನಸ್ನಾನದ ಪುಸ್ತಕ ನೋಡಿದ್ದೆವು. ಅಜ್ಜ ಮತ್ತು ಅವರ ತಮ್ಮಂದಿರ ಹೆಸರು ಸಿಕ್ಕಿತು. ಅದಕ್ಕಿಂತ ಹಿಂದಿನ ಹಾಳೆಗಳನ್ನು ಗೆದ್ದಲು ತಿಂದಿತ್ತು. ಅಜ್ಜನಿಗೊಬ್ಬ ಅಕ್ಕ ಇದ್ದರೆಂದು ಮನೆಯಲ್ಲಿ ಮಾತಿತ್ತು; ಹೆಸರು ಯಾರಿಗೂ ನೆನಪಿರಲಿಲ್ಲ.

ಹಳೆಯ ಪೆಟ್ಟಿಗೆಯಲ್ಲಿ ವಕೀಲರ ಚೀಟಿಯೊಂದು ಸಿಕ್ಕಿತು. ಮುತ್ತಜ್ಜ ತೀರಿಕೊಂಡ ಮೇಲೆ, ಅವರು ಕೊಟ್ಟಿದ್ದ ಸಾಲ ವಸೂಲಿಗಾಗಿ ಮಕ್ಕಳು ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದ್ದ ಕೇಸಿನ ನಂಬರು ಅದರಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ನ್ಯಾಯಾಲಯ ಮಂಗಳೂರಿನಲ್ಲಿತ್ತು.

ಕೇಸಿನ ನಂಬರು, ಇಸವಿ, ಕಾರಣ ಬರೆದು ನಕಲಿಗೆ ಅರ್ಜಿ ಕೊಟ್ಟೆವು. ಎರಡನೆಯ ಸಲ ಹೋದಾಗ ನಕಲು ಕೈಗೆ ಬಂತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಇಂಥ ಅರ್ಜಿಯಲ್ಲಿ ಮೃತರು ತೀರಿಕೊಂಡ ದಿನ, ಹತ್ತಿರದ ಬಂಧುಗಳ ಹೆಸರು, ವಾಸಸ್ಥಳ ಬರೆಯಲೇಬೇಕು. ಆ ಕಾಯಿದೆಯಲ್ಲಿ ಕ್ರೈಸ್ತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಹಾಗಾಗಿ ಮನೆಯವರು ಮರೆತಿದ್ದ ಅಕ್ಕನ ಹೆಸರು ಪಟ್ಟಿಯ ಮೊದಲಲ್ಲೇ ಇತ್ತು! ವಾಸ: ಚಿಕ್ಕಮಗಳೂರಿನ ಕಾಫಿ ತೋಟ. ರೆಕಾರ್ಡು ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಆ ಸಾಲನ್ನು ಮತ್ತೆ ಮತ್ತೆ ಓದಿದೆವು.

ಹುಡುಕುವವರಿಗೆ ಎರಡು ಮಾತು. ನೋಂದಣಿಯಾದ ಮರಣಶಾಸನ ಸಬ್‌ರಿಜಿಸ್ಟ್ರಾರರ ಕಚೇರಿಯ 3ನೆಯ ಪುಸ್ತಕದಲ್ಲಿರುತ್ತದೆ. ಬರೆದವರು ತೀರಿಕೊಂಡ ನಂತರ ಯಾರೂ ಶುಲ್ಕ ಕೊಟ್ಟು ನಕಲು ಪಡೆಯಬಹುದು. 2002ರ ತಿದ್ದುಪಡಿಯ ಬಳಿಕ ಕ್ರೈಸ್ತರ ಮರಣಶಾಸನಕ್ಕೆ ಪ್ರೊಬೇಟ್ ಕಡ್ಡಾಯವಲ್ಲ. ಆದ್ದರಿಂದ ಈಚಿನವು ಕೋರ್ಟಿನಲ್ಲಿ ಸಿಗದೆ ಹೋಗಬಹುದು. ಅವಧಿ ಮೀರಿದ ಕಡತಗಳನ್ನು ನಿಯಮದಂತೆ ನಾಶಮಾಡುವುದೂ ಉಂಟು, ತಡಮಾಡಬೇಡಿ.

ಇನ್ನೊಂದು ಮಾತು. ನಮ್ಮ ಹಳೆಯ ಪಾಲುಪಟ್ಟಿಗಳು ಕನ್ನಡದಲ್ಲಿವೆ. ಮಲಯಾಳದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಅವು ಬರಿಯ ಗೆರೆಗಳು. ಓದಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕೂರಿಸಿ ಓದಿಸೋಣ.

ಮುಂದಿನ ನವೆಂಬರ್ 2ರಂದು ಮೃತರ ಸ್ಮರಣೆಯ ಪೂಜೆಗೆ ಕೊಟ್ಟ ಚೀಟಿಯಲ್ಲಿ ನಾವು ಒಂದು ಹೆಸರು ಹೆಚ್ಚು ಬರೆದೆವು.